ಗುಡ್ಡದ ತುದಿಯ ಪ್ರೆಷರ್, ಕೆರೆ ದಂಡೆಯಲ್ಲಿ

ಪಂಪಿನ ಹತ್ತಿರದ ಗೇಜ್ ಎಂಟು ಕೆಜಿ (ಅಂದರೆ ಚದರ ಸೆಂಟಿಮೀಟರಿಗೆ ಎಂಟು ಕೆಜಿ ಒತ್ತಡ) ತೋರಿಸುತ್ತಿದೆ ಎಂದ ಮಾತ್ರಕ್ಕೆ ಗುಡ್ಡದ ಮೇಲಿನ ಕಾಫಿ ಗಿಡಕ್ಕೆ ನೀರು ಸಿಗುತ್ತಿದೆ ಅಂತ ಅಲ್ಲ. ಗೇಜ್ ಸುಳ್ಳು ಹೇಳುವುದಿಲ್ಲ. ತಾನಿರುವ ಜಾಗದ ಸುದ್ದಿ ಮಾತ್ರ ಹೇಳುತ್ತದೆ, ಅಷ್ಟೇ. ಮೇಲಿನ ಸುದ್ದಿ ಬೇಕಾದರೆ ಯಾರಾದರೂ ಮೇಲೆ ಹತ್ತಬೇಕು. ಇಲ್ಲವೇ ಮೇಲಿನ ಪ್ರೆಷರನ್ನು ಕೆಳಗೆ ತರಿಸಿಕೊಳ್ಳಬೇಕು. ನಾವು ಎರಡನೆಯದನ್ನು ಮಾಡಿದೆವು. ಅದು ಹೇಗಾಯಿತು ಎಂದು ಬರೆಯುತ್ತಿದ್ದೇನೆ. ಇದೇ ಯೋಚನೆಯಲ್ಲಿರುವ ಬೆಳೆಗಾರರಿಗೆ ಉಪಯೋಗ ಆದೀತು.

ನಮ್ಮ ತೋಟ ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ಕಡೆ ಇದೆ. ಕೆಳಗೆ ಗದ್ದೆಯ ಪಕ್ಕದಲ್ಲಿ ಕೆರೆ, ಅದರ ಮೇಲೆ ಬಾಣೆ, ಅಂದರೆ ಗದ್ದೆಗೆ ಸೇರಿದ ಗುಡ್ಡದ ಜಾಗ. ಕೆರೆಯಿಂದ ಬಾಣೆಯ ತುದಿಗೆ ನೆಟ್ಟಗಿನ ಎತ್ತರ 45 ಮೀಟರ್. ಪೈಪು ಬಂಡೆ, ತೋಡು ಎಲ್ಲ ಬಳಸಿಕೊಂಡು ಹೋಗುವುದರಿಂದ ಅದರ ಉದ್ದ ಮುಕ್ಕಾಲು ಕಿಲೋಮೀಟರ್ ಆಗುತ್ತದೆ. ನಾಲ್ಕು ಇಂಚಿನ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು, ಹತ್ತು ಕೆಜಿ ತಡೆಯುವಂಥದ್ದು. ಬೆಳೆ ರೋಬಸ್ಟಾ.

ರೋಬಸ್ಟಾ ಬೆಳೆಯದವರಿಗೆ ಇಷ್ಟೆಲ್ಲ ತಲೆಬಿಸಿ ಯಾಕೆ ಎಂದು ಅನ್ನಿಸಬಹುದು. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಗಿಡದ ಮೊಗ್ಗು ಒಣ ಹವೆಯಲ್ಲಿ ಸುಮ್ಮನೆ ಕೂತಿರುತ್ತದೆ. ಒಂದು ಒಳ್ಳೆಯ ಮಳೆ ಬಿದ್ದರೆ, ಅಥವಾ ನಾವೇ ಒಂದು ಇಂಚಿನಷ್ಟು ನೀರು ಹೊಡೆದರೆ, ಒಂದು ವಾರದಿಂದ ಹತ್ತು ದಿನದೊಳಗೆ ಅರಳುತ್ತದೆ. ಇದೇ ಹೂಮಳೆ. ಆಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ನೀರು, ಅಂದರೆ ಎರಡನೇ ಸಲದ ನೀರು, ಬೇಕು. ಮೊದಲ ನೀರು ಸಾಲದೇ ಹೋದರೆ ಮೊಗ್ಗು ಅರ್ಧ ಅರಳಿ ನಿಂತುಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಇನ್ನೂ ಒಂದು ಮಾತಿದೆ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೋಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗ ಬೇಕು. ಅಂದರೆ ಅಕ್ಕಪಕ್ಕದ ಗಿಡಗಳು ಒಟ್ಟಿಗೆ ಅರಳಬೇಕು. ನೀರು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆದರೆ ನಷ್ಟ ಎರಡು ಪಟ್ಟು.

ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಹತ್ತಿರ ಹತ್ತಿರ 1.03 ಲಕ್ಷ ಲೀಟರ್. ನಮ್ಮ ಪಂಪಿಗೆ ಅಷ್ಟು ಎತ್ತಲು ಮೂರು ಗಂಟೆ ಬೇಕು. ಆ ಮೂರು ಗಂಟೆಯೂ ಸ್ಪ್ರಿಂಕ್ಲರ್ ಬಾಯಲ್ಲಿ ಎರಡೂವರೆ ಕೆಜಿಗೆ ಕಡಿಮೆ ಇಲ್ಲದಂತೆ ಪ್ರೆಷರ್ ಇರಬೇಕು. ಇಲ್ಲಿ ಒಂದು ಮೋಸ ಇದೆ. ಪ್ರೆಷರ್ ಅರ್ಧಕ್ಕೆ ಇಳಿದರೆ ನೀರು ಅರ್ಧಕ್ಕೆ ಇಳಿಯುವುದಿಲ್ಲ, ನೂರಕ್ಕೆ ಎಪ್ಪತ್ತರಷ್ಟು ಬರುತ್ತಲೇ ಇರುತ್ತದೆ. ದೂರದಿಂದ ನೋಡಿದರೆ ಸ್ಪ್ರಿಂಕ್ಲರ್ ತಿರುಗುತ್ತಿದೆ, ನೀರು ಹಾರುತ್ತಿದೆ, ಎಲ್ಲ ಸರಿ. ಆದರೆ ಪ್ರೆಷರ್ ಇಲ್ಲದ ನೀರು ಸಣ್ಣ ಹನಿಯಾಗಿ ಒಡೆಯುವುದಿಲ್ಲ. ದಪ್ಪ ಹನಿಯಾಗಿ ಹೋಗಿ ಹೊರಗಿನ ಸುತ್ತಿನಲ್ಲಿ ಬೀಳುತ್ತದೆ. ನಡುವಿನ ಗಿಡಗಳಿಗೆ ಸರಿಯಾಗಿ ನೀರೇ ಇಲ್ಲ. ಇದು ಗೊತ್ತಾಗುವುದು ಹೂ ಬಂದಾಗ. ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಮೇಲೆ ಹೋಗಿ ನೋಡಬಾರದೇ ಎಂದರೆ, ಹೋಗಬಹುದು. ಹಗಲಾದರೆ. ತ್ರೀಫೇಸ್ ಕರೆಂಟ್ ನಮಗೆ ಸಿಗುವುದು ಹೆಚ್ಚಾಗಿ ರಾತ್ರಿ. ಬೇಸಿಗೆಯಲ್ಲಿ ಕೆರೆ ನೀರಿಗೆ ಆನೆಯೂ ಬರುವುದು ರಾತ್ರಿಯೇ. ಬಾಣೆಗೆ ಹತ್ತುವ ದಾರಿಯೇ ಆನೆ ಇಳಿಯುವ ದಾರಿ. ಮೊದಲು ಹತ್ತಲು ಹೋದವರು ಟಾರ್ಚ್ ಆಡಿಸಿ ಕೆಳಗಿನವರಿಗೆ ಸನ್ನೆ ಮಾಡುತ್ತಿದ್ದರು. ಎರಡು ಸಲ ಬೆಳಕು ಬಂದರೆ ಸರಿ ಇದೆ, ಸುತ್ತು ತಿರುಗಿಸಿದರೆ ಪಂಪ್ ನಿಲ್ಲಿಸಿ. ಮೊಬೈಲ್ ಸಿಗ್ನಲ್ ಬಾಣೆಯ ಮೇಲೆ ಸಿಗುತ್ತದೆ, ಕೆರೆ ಹತ್ತಿರ ಸಿಗುವುದಿಲ್ಲ. ಆಮೇಲೆ ಪಕ್ಕದ ತೋಟದಲ್ಲಿ ಒಬ್ಬರಿಗೆ ಆನೆ ದಾಳಿಯಾಯಿತು. ಪಂಪ್ ನೋಡಿಕೊಳ್ಳುವ ಅಣ್ಣ ಅವತ್ತೇ ಹೇಳಿಬಿಟ್ಟರು. "ಅಕ್ಕ, ಇನ್ನು ರಾತ್ರಿ ನಾನು ಮೇಲೆ ಹೋಗುವುದಿಲ್ಲ. ಯಾರನ್ನೂ ಕಳಿಸುವುದೂ ಇಲ್ಲ." ನ್ಯಾಯವಾದ ಮಾತು.

ಮೊದಲು ಬಂದ ಸಲಹೆ ಚಿಕ್ಕಪ್ಪನದ್ದು. ಮೇಲಿನ ಪೈಪಿಗೆ ಒಂದು ತೆಳು ಟ್ಯೂಬ್ ಸಿಕ್ಕಿಸಿ, ಅದನ್ನು ಕೆರೆವರೆಗೆ ಎಳೆದು, ತುದಿಗೆ ಗೇಜ್ ಹಾಕಿಬಿಡು ಎಂದರು. ಕೇಳಿದರೆ ನಗು ಬರಬಹುದು, ಆದರೆ ತಪ್ಪು ಯೋಚನೆ ಅಲ್ಲ. ಟ್ಯೂಬಿನಲ್ಲಿ ನೀರು ಹರಿಯುವುದಿಲ್ಲ, ಹಾಗಾಗಿ ಉಜ್ಜಿ ಹೋಗುವ ಪ್ರೆಷರ್ ಇಲ್ಲ. ಹತ್ತು ಮೀಟರ್ ನೀರಿನ ಕಂಬಕ್ಕೆ ಸುಮಾರು ಒಂದು ಕೆಜಿ. ಕೆಳಗಿನ ಗೇಜ್ ಯಾವಾಗಲೂ ನಾಲ್ಕೂವರೆ ಕೆಜಿ ಜಾಸ್ತಿ ತೋರಿಸುತ್ತದೆ. ಅದನ್ನು ಕಳೆದರೆ ಮೇಲಿನ ಲೆಕ್ಕ ಸಿಕ್ಕಿತು. ಕಾರ್ಖಾನೆಗಳಲ್ಲಿ ಇದೇ ಉಪಾಯ ಇದೆ. ತುದಿಯಲ್ಲಿ ತೆಳು ಲೋಹದ ಪೊರೆ, ಅದರ ಹಿಂದೆ ಸಿಲಿಕೋನ್ ಎಣ್ಣೆ ತುಂಬಿದ ಸಣ್ಣ ನಳಿಗೆ. ಆದರೆ ಅಲ್ಲಿ ಅದರ ಉದ್ದ ಕೆಲವೇ ಮೀಟರ್. ನಮ್ಮದು ಮುಕ್ಕಾಲು ಕಿಲೋಮೀಟರ್. ಇಳಿಜಾರಿನಲ್ಲಿ ಎಲ್ಲೋ ಗಾಳಿ ಗುಳ್ಳೆ ಸಿಕ್ಕಿಕೊಂಡು ಒಂದು ಮೀಟರ್ ಎತ್ತರದ ನೀರು ತಪ್ಪಿದರೂ ಲೆಕ್ಕ 0.1 ಕೆಜಿ ಹೋಯಿತು. ಹಾಗೆ ಹತ್ತು ಕಡೆ ಸಿಕ್ಕಿಕೊಂಡರೆ? ಜೊತೆಗೆ ಮುಳ್ಳುಹಂದಿ, ಕತ್ತಿ, ಗುದ್ದಲಿ. ಬೇಡ ಅನ್ನಿಸಿತು.

ಮೈಸೂರಿನಿಂದ ಒಬ್ಬ ಹುಡುಗನನ್ನು ಕರೆಸಿದೆವು. ಕಾರ್ಖಾನೆಗಳಿಗೆ ಇಂಥ ಮೀಟರ್ ಕೂರಿಸುವುದೇ ಅವನ ಕೆಲಸ. ಬಂದವನು ಮೊದಲು ಪೈಪು ನೋಡಲಿಲ್ಲ, ಮರ ನೋಡಿದ. "ಮೇಡಂ, ಸೆನ್ಸರ್ ಏನೂ ಕಷ್ಟ ಇಲ್ಲ. ಅದರ ಮಾತು ಕೆಳಗೆ ತರೋದೇ ಕಷ್ಟ" ಎಂದ.

ನಮ್ಮ ಹಳೇ ಗೇಜಿನ ಒಳಗೆ ಇರುವುದು ಬಾಗಿದ ಒಂದು ಲೋಹದ ನಳಿಗೆ. ಫ್ರಾನ್ಸಿನ ಯೂಜೀನ್ ಬೋರ್ಡನ್ 1849ರಲ್ಲಿ ಪೇಟೆಂಟ್ ಪಡೆದದ್ದು. ಒಳಗೆ ಪ್ರೆಷರ್ ಹೋದಂತೆ ಅದು ಬಿಚ್ಚಿಕೊಳ್ಳಲು ನೋಡುತ್ತದೆ, ಜಾತ್ರೆಯಲ್ಲಿ ಮಕ್ಕಳು ಊದುವ ಕಾಗದದ ಪೀಪಿಯ ಹಾಗೆ. ಆ ಅಲುಗಾಟ ಸಣ್ಣ ಹಲ್ಲಿನ ಚಕ್ರದ ಮೂಲಕ ಮುಳ್ಳಿಗೆ ಹೋಗುತ್ತದೆ. ಕರೆಂಟ್ ಬೇಡ, ಬ್ಯಾಟರಿ ಬೇಡ. ಈಗಲೂ ನನಗೆ ಅದರ ಮೇಲೆ ಗೌರವ ಇದೆ. ಆದರೆ ಅದನ್ನು ಓದಲು ಅದರ ಮುಂದೆ ಒಂದು ಕಣ್ಣು ಬೇಕು.

ಹುಡುಗ ತಂದದ್ದು ಪ್ರೆಷರ್ ಟ್ರಾನ್ಸ್‌ಮಿಟರ್. ಕೈಬೆರಳಿಗಿಂತ ಸ್ವಲ್ಪ ದಪ್ಪ, ಸ್ಟೀಲಿನದು. ನೀರು ತಾಗುವ ಕಡೆ ಒಂದು ತೆಳು ಪೊರೆ. ಪೊರೆ ಕೂದಲೆಳೆಗಿಂತ ಕಡಿಮೆ ಬಾಗಿದರೂ ಅದರ ಹಿಂದಿನ ಸಿಲಿಕಾನ್ ಚೂರಿನ ರೆಸಿಸ್ಟೆನ್ಸ್ ಬದಲಾಗುತ್ತದೆ. ಅದನ್ನು ಅಳೆದು ಎರಡು ತಂತಿಯಲ್ಲಿ 4ರಿಂದ 20 ಮಿಲಿಆಂಪ್ ಕರೆಂಟ್ ಆಗಿ ಕಳಿಸುತ್ತದೆ. ಸೊನ್ನೆಯಿಂದ ಹತ್ತು ಬಾರ್ ಅಳೆಯುವ ಮೀಟರಿನಲ್ಲಿ 4 ಬಂದರೆ ಪ್ರೆಷರ್ ಇಲ್ಲ, 12 ಬಂದರೆ ಐದು, 20 ಬಂದರೆ ಹತ್ತು. ಬಾರ್ ಮತ್ತು ನಮ್ಮ ಕೆಜಿಗೆ ವ್ಯತ್ಯಾಸ ನೂರಕ್ಕೆ ಎರಡು ಮಾತ್ರ, ತೋಟದ ಕೆಲಸಕ್ಕೆ ಎರಡೂ ಒಂದೇ.

ಸೊನ್ನೆ ಬಿಟ್ಟು ನಾಲ್ಕರಿಂದ ಯಾಕೆ ಶುರು ಎಂದು ನಾನು ಕೇಳಿದೆ. ಅವನು ಏನೂ ಹೇಳದೆ ಒಂದು ತಂತಿ ಕಿತ್ತ. ಮೀಟರ್ ಸೊನ್ನೆಗೆ ಬಿತ್ತು. ಈಗ ಸರಿಯಾಗಿ ಗೊತ್ತಾಯಿತು: ನಾಲ್ಕು ಬಂದರೆ ಪೈಪಿನಲ್ಲಿ ಪ್ರೆಷರ್ ಇಲ್ಲ, ಸೊನ್ನೆ ಬಂದರೆ ತಂತಿಯೇ ಇಲ್ಲ. ಗುಡ್ಡದ ಮೇಲಿನ ಸಾಮಾನಿಗೆ ಈ ಎರಡರ ವ್ಯತ್ಯಾಸ ಬಹಳ ದೊಡ್ಡದು. ಪೈಪು ಒಡೆದಿದೆಯೋ, ತಂತಿ ಯಾರೋ ಕಡಿದರೋ ಎಂದು ಕೆಳಗೆ ಕೂತೇ ತಿಳಿಯಬೇಕಲ್ಲ.

ಕರೆಂಟ್ ಆಗಿ ಕಳಿಸುವುದರಲ್ಲಿ ಇನ್ನೊಂದು ಅನುಕೂಲ. ಒಂದೇ ಸುತ್ತಿನ ತಂತಿಯಲ್ಲಿ ಕರೆಂಟ್ ಎಲ್ಲ ಕಡೆ ಒಂದೇ ಇರುತ್ತದೆ. ತಂತಿ ಉದ್ದ ಎಂದು ಅಳತೆ ಇಳಿಯುವುದಿಲ್ಲ. ಒಂದು ಕಿಲೋಮೀಟರ್ ದೂರಕ್ಕೆ ಸಾಧಾರಣ ಮುಕ್ಕಾಲು ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೂ, ಹೋಗಿ ಬರುವಾಗ ಸುಮಾರು ಒಂದು ವೋಲ್ಟ್ ಅಷ್ಟೇ ನಷ್ಟ. 24 ವೋಲ್ಟಿನಲ್ಲಿ ಅದು ಲೆಕ್ಕಕ್ಕಿಲ್ಲ. ಹಾಗಾದರೆ ತಂತಿಯನ್ನೇ ಎಳೆಯೋಣ ಎಂದೆ. ಅವನು ಆಕಾಶ ತೋರಿಸಿದ. ಮಾರ್ಚ್, ಏಪ್ರಿಲ್ ತಿಂಗಳ ನಮ್ಮ ಗುಡುಗು ಸಿಡಿಲು ಗೊತ್ತಲ್ಲ. ಗುಡ್ಡದ ತುದಿಯಿಂದ ಕೆರೆಗೆ ಮುಕ್ಕಾಲು ಕಿಲೋಮೀಟರ್ ತಾಮ್ರ ಮಲಗಿಸಿದರೆ ಎರಡೂ ತುದಿಯ ಸಾಮಾನು ಸುಡಲು ದಾರಿ ಮಾಡಿಕೊಟ್ಟ ಹಾಗೆ. ಅದೂ ಅಲ್ಲದೆ ತಾಮ್ರದ ತಂತಿ ತೋಟದಲ್ಲಿ ಎಷ್ಟು ದಿನ ಉಳಿಯುತ್ತದೆ ಎನ್ನುವುದು ಬೇರೆ ವಿಷಯ.

ಕೊನೆಗೆ ರೇಡಿಯೋ ಎಂದು ತೀರ್ಮಾನ ಆಯಿತು. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್‌ನಲ್ಲಿ ಕಡಿಮೆ ಶಕ್ತಿಯ ರೇಡಿಯೋಗೆ ಲೈಸೆನ್ಸ್ ಬೇಡ. ಲೋರಾ ಎನ್ನುವ ಜಾತಿಯ ಸಣ್ಣ ಡಬ್ಬಿ ಆ ಅಲೆಯಲ್ಲೇ ಮಾತಾಡುತ್ತದೆ. ಬಹಳ ನಿಧಾನ, ಫೋಟೋ ಹಾಡು ಎಲ್ಲ ಹೋಗುವುದಿಲ್ಲ. ಆದರೆ ನಮಗೆ ಬೇಕಾದದ್ದು ಒಂದು ಸಂಖ್ಯೆ. ನಿಧಾನವಾದ್ದರಿಂದಲೇ ದೂರ ಹೋಗುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ಬಯಲಲ್ಲಿ ಇದು ಕಿಲೋಮೀಟರುಗಟ್ಟಲೆ ಹೋಗುತ್ತದಂತೆ. ಕಾಫಿ ತೋಟ ಬಯಲಲ್ಲ. ಸಿಲ್ವರ್ ಓಕ್, ಹಲಸು, ಬಳಂಜಿ, ಮರದ ಮೇಲೆ ಮೆಣಸಿನ ಬಳ್ಳಿ. ಎಲೆಯಲ್ಲಿರುವ ನೀರು ರೇಡಿಯೋ ಅಲೆಯನ್ನು ಕುಡಿದುಬಿಡುತ್ತದೆ. ಎಲೆ ಒದ್ದೆಯಾದರೆ ಇನ್ನೂ ಜಾಸ್ತಿ. ಮೊದಲು ಆಂಟೆನಾವನ್ನು ವಾಲ್ವಿನ ಪಕ್ಕದ ಕಂಬಕ್ಕೆ, ಆಳೆತ್ತರಕ್ಕೆ ಕಟ್ಟಿ ನೋಡಿದ. ಒಣಗಿದ್ದಾಗ ಬಂತು. ಸ್ಪ್ರಿಂಕ್ಲರ್ ಶುರು ಮಾಡಿ ಎಲೆ ನೆನೆದ ಕೂಡಲೇ ಮಾತು ತುಂಡು ತುಂಡಾಯಿತು. ನಮಗೆ ಸಂಖ್ಯೆ ಬೇಕಾಗುವುದೇ ಎಲೆ ಒದ್ದೆಯಾಗಿರುವಾಗ! ಮೆಣಸು ಕುಯ್ಯುವ ಏಣಿ ತಂದು, ಒಂದು ಸಿಲ್ವರ್ ಓಕಿನ ಮೇಲೆ, ಕಾಫಿ ಗಿಡ ಮತ್ತು ಮೆಣಸಿನ ಬಳ್ಳಿ ಎರಡಕ್ಕೂ ಮೇಲೆ ಬರುವಂತೆ ಆಂಟೆನಾ ಕಟ್ಟಿದರು. ಕೆರೆಯ ಕಡೆಯೂ ಪಂಪ್‌ಹೌಸ್ ಮಾಡಿನ ಮೇಲೆ ಜಿಐ ಪೈಪ್ ನಿಲ್ಲಿಸಿದರು. ಆಮೇಲೆ ತೊಂದರೆ ಇಲ್ಲ.

ಇನ್ನು ಪೈಪಿಗೆ ಕೂರಿಸುವ ಕೆಲಸ. ನಾನು ಪೈಪಿನ ನೆತ್ತಿಗೆ ತೂತು ಕೊರೆಯುತ್ತಾರೆ ಎಂದುಕೊಂಡಿದ್ದೆ. ಹಾಗಲ್ಲ. ನೆತ್ತಿಯಲ್ಲಿ ಗಾಳಿ ಕೂರುತ್ತದೆ, ತಳದಲ್ಲಿ ಕೆಸರು ಕೂರುತ್ತದೆ. ಪಕ್ಕೆಗೆ ಕೊರೆಯಬೇಕು. ಸ್ಯಾಡಲ್ (ಪೈಪಿನ ಸುತ್ತ ಬಿಗಿಯುವ ಪಟ್ಟಿ) ಕಟ್ಟಿ, ಪಕ್ಕೆಯಿಂದ ಅರ್ಧ ಇಂಚಿನ ಕವಲು ತೆಗೆದು, ಮೊದಲು ಒಂದು ಬಾಲ್ ವಾಲ್ವ್, ಆಮೇಲೆ ಸ್ನಬ್ಬರ್, ಆಮೇಲೆ ಟ್ರಾನ್ಸ್‌ಮಿಟರ್. ಬಾಲ್ ವಾಲ್ವ್ ಇದ್ದರೆ ಲೈನ್ ನಿಲ್ಲಿಸದೇ ಮೀಟರ್ ಬಿಚ್ಚಬಹುದು. ಅಲ್ಲೇ ಪಕ್ಕದಲ್ಲಿ ಮುಚ್ಚಳ ಹಾಕಿದ ಇನ್ನೊಂದು ಬಾಯಿ ಬಿಟ್ಟ. ಯಾವಾಗಲಾದರೂ ಅನುಮಾನ ಬಂದರೆ ಒಂದು ಮಾಮೂಲಿ ಗೇಜ್ ಸಿಕ್ಕಿಸಿ ಎರಡನ್ನೂ ಹೋಲಿಸಿ ನೋಡಿ ಎಂದ. ಯಾರಾದರೂ ಇಂಥದ್ದು ಹಾಕಿಸುವುದಾದರೆ ಈ ಎರಡನೇ ಬಾಯಿಯನ್ನು ಬಿಡಿಸಲೇಬೇಕು. ಇನ್ನೂರು ಮುನ್ನೂರು ರೂಪಾಯಿಯ ಸಾಮಾನು ಎಂದು ಬಿಟ್ಟರೆ ಮುಂದೆ ಅನುಮಾನದಲ್ಲೇ ಸಾಯಬೇಕು.

ಸ್ನಬ್ಬರ್ ಯಾಕೆ ಎಂದರೆ, ಕರೆಂಟ್ ಹೋದಾಗ ಆಗುವ ಹೊಡೆತಕ್ಕೆ. ಪಂಪ್ ಥಟ್ಟನೆ ನಿಲ್ಲುತ್ತದೆ, ಏರುತ್ತಿದ್ದ ನೀರು ನಿಂತು ವಾಪಸ್ ಬರುತ್ತದೆ, ಚೆಕ್ ವಾಲ್ವ್ ಢಬ್ ಎಂದು ಮುಚ್ಚುತ್ತದೆ. ಸೆಕೆಂಡಿಗೆ ಒಂದು ಮೀಟರ್ ಓಡುವ ನೀರು ಹಾಗೆ ಒಮ್ಮೆಲೇ ನಿಂತರೆ ಕಬ್ಬಿಣದ ಪೈಪಿನಲ್ಲಿ ಹತ್ತು ಕೆಜಿಗೂ ಮೇಲಿನ ಹೊಡೆತ ಬೀಳುತ್ತದೆ. ಪ್ಲಾಸ್ಟಿಕ್ ಪೈಪ್ ಸ್ವಲ್ಪ ಹಿಗ್ಗುವುದರಿಂದ ಹೊಡೆತ ಕಡಿಮೆ, ಆದರೂ ಇದೆ. ನಮ್ಮ ಹಳೇ ಗೇಜುಗಳ ಮುಳ್ಳು ಬಾಗಿ ಸಾಯುತ್ತಿದ್ದದ್ದು ಹೀಗೆಯೇ. ಸ್ನಬ್ಬರಿನ ಸಣ್ಣ ತೂತು ಆ ಹೊಡೆತವನ್ನು ತಡೆದು ನಿಧಾನಕ್ಕೆ ಒಳಗೆ ಬಿಡುತ್ತದೆ.

ಎಲ್ಲ ಜೋಡಿಸಿ, ಪೈಪಿಗೆ ಸಿಕ್ಕಿಸುವ ಮೊದಲು ಸುಮ್ನೆ ಗಾಳಿಯಲ್ಲಿ ಹಿಡಿದು ನೋಡಿದರೆ ಮೀಟರ್ ಸೊನ್ನೆ ತೋರಿಸಲಿಲ್ಲ. ಮೈನಸ್ 0.1 ತೋರಿಸಿತು. ಹೊಸ ಸಾಮಾನು ಹಾಳು ಎಂದು ಪಂಪ್ ಅಣ್ಣ ಗೊಣಗಿದರು. ಹುಡುಗ ನಕ್ಕ. ಇದು ಒಳಗೆ ಗಾಳಿ ಮುಚ್ಚಿಟ್ಟ ಜಾತಿಯ ಮೀಟರ್. ಮುಚ್ಚಿದ್ದು ಸಮುದ್ರ ಮಟ್ಟದ ಗಾಳಿಯ ಲೆಕ್ಕಕ್ಕೆ, ಅಂದರೆ ಸುಮಾರು ಒಂದು ಬಾರ್. ಸಾವಿರ ಮೀಟರ್ ಎತ್ತರದ ನಮ್ಮ ಗುಡ್ಡದಲ್ಲಿ ಹೊರಗಿನ ಗಾಳಿಯ ಒತ್ತಡವೇ 0.9. ಮೀಟರ್ ಸರಿಯಾಗಿಯೇ ಹೇಳುತ್ತಿದೆ, ಹೋಲಿಸುತ್ತಿರುವುದು ಬೇರೆ ಊರಿನ ಗಾಳಿಗೆ. ಅಲ್ಲೇ ಸೊನ್ನೆ ಸರಿಪಡಿಸಿದ. ಇದೇ ಕಾರಣಕ್ಕೆ ನಮ್ಮ ಕಡೆ ಪಂಪ್ ಕೆರೆ ನೀರಿನಿಂದ ಜಾಸ್ತಿ ಮೇಲೆ ಇಡಬಾರದು. ನೀರನ್ನು ಪಂಪಿನೊಳಗೆ ತಳ್ಳುವುದು ಹೊರಗಿನ ಗಾಳಿಯೇ ಅಲ್ವಾ, ಅದೇ ಇಲ್ಲಿ ಕಡಿಮೆ.

ಕೆಳಗೆ ಪಂಪಿನ ಹತ್ತಿರವೂ ಅಂಥದ್ದೇ ಇನ್ನೊಂದು ಟ್ರಾನ್ಸ್‌ಮಿಟರ್ ಹಾಕಿಸಿದೆವು. ಚೆಕ್ ವಾಲ್ವಿನ ಮುಂದೆ, ಅಂದರೆ ಗುಡ್ಡದ ಕಡೆಗೆ. ಪಂಪ್ ನಿಂತರೂ ಪೈಪಿನಲ್ಲಿ ನಿಂತ ನೀರಿನ ಭಾರ ಅದಕ್ಕೆ ಸಿಗಬೇಕು. ಇದು ಹುಡುಗನ ಒತ್ತಾಯ. ಆಗ ನನಗೆ ದಂಡದ ಖರ್ಚು ಅನ್ನಿಸಿತ್ತು. ಈಗ ಕೇಳಿದರೆ ಮೇಲಿನದಕ್ಕಿಂತ ಕೆಳಗಿನದೇ ಜಾಸ್ತಿ ದುಡಿದಿದೆ ಎನ್ನುತ್ತೇನೆ.

ಪಂಪ್ ಓಡುವಾಗ ಕೆಳಗೆ 8.2, ಮೇಲೆ 2.6. ವ್ಯತ್ಯಾಸ 5.6. ಅದರಲ್ಲಿ 4.5 ಎತ್ತರದ್ದು, ಉಳಿದ 1.1 ಪೈಪಿನ ಮೈಗೆ ಉಜ್ಜಿ ಹೋದದ್ದು. ಪಂಪ್ ನಿಂತಾಗ ಮೇಲೆ ಸೊನ್ನೆ, ಕೆಳಗೆ 4.5. ಈ ಸಂಖ್ಯೆಗಳನ್ನು ಪಂಪ್‌ಹೌಸ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು. ಒಂದು ಹಾಳೆಯಲ್ಲಿ ಬರೆದು ಪ್ಲಾಸ್ಟಿಕ್ ಹಾಕಿ ಅಂಟಿಸೋಣ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಹೇಳಿದರು, ಅಣ್ಣ ಒಪ್ಪಲಿಲ್ಲ. ಗೋಡೆಯೇ ಸರಿ.

ಹೂವಿನ ನೀರು ಶುರುವಾದ ಮೇಲೆ ಎರಡು ಸಂಖ್ಯೆಯನ್ನು ಒಟ್ಟಿಗೆ ಓದುವುದು ಅಭ್ಯಾಸವಾಯಿತು. ಎರಡೂ ಒಟ್ಟಿಗೆ ಇಳಿದರೆ ನೀರು ಎಲ್ಲೋ ಹೊರಗೆ ಹೋಗುತ್ತಿದೆ, ಇಲ್ಲವೇ ಕೆರೆಯೊಳಗಿನ ಪೈಪಿನ ಬಾಯಲ್ಲಿರುವ ಫುಟ್ ವಾಲ್ವ್ ಗಾಳಿ ಎಳೆಯುತ್ತಿದೆ. ಒಂದು ರಾತ್ರಿ ಹಾಗೇ ಆಯಿತು. ನೋಡಿದರೆ ಅಸ್ಸಾಂ ಕಡೆಯ ಹುಡುಗರು ಸಂಜೆ ಬದಲಿಸಿದ ಸ್ಪ್ರಿಂಕ್ಲರ್ ಪೈಪಿನ ಒಂದು ಜಾಯಿಂಟ್ ಬಿಟ್ಟುಕೊಂಡಿತ್ತು. ಎರಡೂ ಏರಿದರೆ ಸ್ಪ್ರಿಂಕ್ಲರ್ ಬಾಯಿ ಕಟ್ಟಿದೆ, ಅಥವಾ ಯಾರೋ ವಾಲ್ವ್ ಮುಚ್ಚಿದ್ದಾರೆ.

ಒಂದು ಸಲ ಮಾತ್ರ ತಲೆ ಕೆಟ್ಟಿತು. ಕೆಳಗೆ ಒಂಬತ್ತು, ಮೇಲೆ ಒಂದು. ಕೆಳಗೆ ಏರಿ ಮೇಲೆ ಇಳಿದರೆ ನಡುವೆ ಏನೋ ಅಡ್ಡ ಇದೆ. ಬೆಳಿಗ್ಗೆ ಲೈನ್ ಉದ್ದಕ್ಕೂ ನಡೆದೆವು. ನಡುವೆ ಇರುವುದು ಒಂದೇ ಗೇಟ್ ವಾಲ್ವ್. ಅದರ ಚಕ್ರ ಪೂರ್ತಿ ತೆರೆದೇ ಇತ್ತು. ಪೈಪಿನೊಳಗೆ ಕಲ್ಲು ಇದೆ, ಬೇರು ನುಗ್ಗಿದೆ, ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ ವಾಲ್ವನ್ನೇ ಬಿಚ್ಚಿದಾಗ, ಒಳಗಿನ ತಟ್ಟೆ ಸ್ಪಿಂಡಲ್ಲಿನಿಂದ ಕಳಚಿ ಅರ್ಧಕ್ಕೆ ಬಿದ್ದಿತ್ತು. ಚಕ್ರ ತಿರುಗಿಸಿದರೆ ಬರೀ ಸ್ಪಿಂಡಲ್ ತಿರುಗುತ್ತಿತ್ತು. ಪಂಪಿನ ಗೇಜ್ ಒಂದೇ ಇದ್ದಿದ್ದರೆ "ಇವತ್ತು ಪಂಪ್ ಚೆನ್ನಾಗಿ ಒತ್ತುತ್ತಿದೆ" ಎಂದು ಖುಷಿಪಡುತ್ತಿದ್ದೆವು.

ಆದರೆ ನನಗೆ ಬಹಳ ಇಷ್ಟವಾದ ಲೆಕ್ಕ ಪಂಪ್ ನಿಂತಾಗಿನದು. ಬೆಳಿಗ್ಗೆ ಗೋಡೆಯ 4.5 ಇರಬೇಕು. ಒಂದು ದಿನ ಬೆಳಿಗ್ಗೆ 2.8 ಇತ್ತು. ಚೆಕ್ ವಾಲ್ವ್ ಸೋರುತ್ತಿದ್ದರೆ ಇಳಿಯುತ್ತಲೇ ಹೋಗಿ ಸೊನ್ನೆ ಆಗಬೇಕು. ಇದು ಇಳಿದು ಇಳಿದು 2.8ಕ್ಕೆ ನಿಂತುಬಿಟ್ಟಿದೆ. ಮಧ್ಯಾಹ್ನದವರೆಗೂ ಅಷ್ಟೇ. ಸ್ವಲ್ಪ ಯೋಚಿಸಿದ ಮೇಲೆ ಅರ್ಥವಾಯಿತು. ಪೈಪಿನಲ್ಲಿ ನೀರು ಈಗ 28 ಮೀಟರ್ ಎತ್ತರದವರೆಗೆ ಇದೆ. ಅದರ ಮೇಲಿನದೆಲ್ಲ ಸೋರಿ ಹೋಗಿದೆ. ಅಂದರೆ ತೂತು ಇರುವುದು 28 ಮೀಟರ್ ಎತ್ತರದಲ್ಲಿ! ಲೈನ್ ಹಾಕುವಾಗ ಐದೈದು ಮೀಟರ್ ಎತ್ತರಕ್ಕೆ ಮರಕ್ಕೆ ಬಣ್ಣ ಬಳಿದಿದ್ದೆವು. 25 ಮತ್ತು 30ರ ನಡುವೆ ಹುಡುಕಿದರೆ ಸಾಕು. ಅಲ್ಲಿ ಆನೆ ದಾಟುವ ಜಾಗ ಒಂದಿದೆ. ಪೈಪಿನ ಮೇಲೆ ಕಾಲಿಟ್ಟು ಹೋಗಿದ್ದರಿಂದ ಮಣ್ಣಿನ ಕೆಳಗೆ ಜಾಯಿಂಟ್ ಬಿರುಕು ಬಿಟ್ಟಿತ್ತು. ಮೇಲೆ ಒಂದು ಹನಿ ಒದ್ದೆ ಕಾಣುತ್ತಿರಲಿಲ್ಲ. ಕಲ್ಲುಸಂದಿಯಲ್ಲಿ ನೀರು ಇಳಿದು ಹೋಗುತ್ತಿತ್ತು.

ಈ ಲೆಕ್ಕ ಸರಿ ಬರಬೇಕಾದರೆ ತುದಿಯಲ್ಲಿ ಏರ್ ವಾಲ್ವ್ ಕೆಲಸ ಮಾಡಬೇಕು. ನೀರು ಇಳಿಯುವಾಗ ಮೇಲಿನಿಂದ ಗಾಳಿ ಒಳಗೆ ಬರಬೇಕಲ್ಲ. ಅದು ಕಚ್ಚಿಕೊಂಡರೆ ಪೈಪಿನೊಳಗೆ ವ್ಯಾಕ್ಯೂಮ್ ಆಗುತ್ತದೆ, ಮೇಲಿನ ಮೀಟರ್ 4 ಮಿಲಿಆಂಪಿಗಿಂತ ಸ್ವಲ್ಪ ಕೆಳಗೆ ಇಳಿಯುತ್ತದೆ. ಅದನ್ನೂ ಒಮ್ಮೆ ನೋಡಿದೆವು. ವಾಲ್ವಿನ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು.

ಹುಳ ಹುಪ್ಪಟೆಯ ಕಾಟದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ರೇಡಿಯೋ ಡಬ್ಬಿಯೊಳಗೆ ಇರುವೆ ಮೊಟ್ಟೆ ಇಟ್ಟಿತು. ಮಳೆಗಾಲದಲ್ಲಿ ಡಬ್ಬಿಯೊಳಗೆ ಬೆವರಿದ ಹಾಗೆ ನೀರು, ಸರ್ಕ್ಯೂಟಿನ ಮೇಲೆ ಬೂಷ್ಟು. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತಂತಿ ಹೋಗುವ ಬಾಯಿಗಳನ್ನು ಬಿಗಿ ಮಾಡಿ, ಡಬ್ಬಿಯನ್ನು ಕೆಳಮುಖವಾಗಿ ತಿರುಗಿಸಿದ ಮೇಲೆ ಸುಧಾರಿಸಿತು. ಸೋಲಾರ್ ತಟ್ಟೆಗೆ ನೆರಳು ಮರದ ಕೆಳಗೆ ಬಿಸಿಲೇ ಇಲ್ಲ, ಅದಕ್ಕೆ ಬೇರೆ ಕಂಬ. ಏಪ್ರಿಲ್ ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಸತ್ತಿತು. ಅದು ಸತ್ತದ್ದರಿಂದ ಹಿಂದಿನ ಡಬ್ಬಿ ಉಳಿಯಿತು. ಒಟ್ಟು ಖರ್ಚು ನೋಡಿದರೆ ಟ್ರಾನ್ಸ್‌ಮಿಟರಿಗಿಂತ ಅದನ್ನು ಮಳೆ, ಇರುವೆ, ಸಿಡಿಲಿನಿಂದ ಕಾಪಾಡುವುದಕ್ಕೇ ಜಾಸ್ತಿ ಹೋಗಿದೆ.

ಇಷ್ಟೆಲ್ಲ ದುಬಾರಿ ಸಾಮಾನು ಇಲ್ಲದೆಯೂ ದೂರದ ಪ್ರೆಷರ್ ಅಳೆಯಬಹುದು. ಅದನ್ನೂ ಆ ಹುಡುಗನೇ ತೋರಿಸಿದ. ಮನೆ ಹಿಂದೆ ಒಂದು ಬೋರ್‌ವೆಲ್ ಇದೆ. ಪಂಪ್ ಇಳಿಸುವಾಗ ಅದರ ಪೈಪಿನ ಜೊತೆ ಒಂದು ತೆಳು ಪ್ಲಾಸ್ಟಿಕ್ ಟ್ಯೂಬನ್ನೂ ಕಟ್ಟಿ ಇಳಿಸಲು ಹೇಳಿದ. ಟ್ಯೂಬಿನ ಉದ್ದ 60 ಮೀಟರ್, ಬರೆದಿಟ್ಟುಕೊಂಡೆವು. ಮೇಲಿನ ತುದಿಗೆ ಒಂದು ಸಣ್ಣ ಗೇಜ್, ಒಂದು ಸೈಕಲ್ ಟ್ಯೂಬಿನ ವಾಲ್ವ್. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದರೆ ಟ್ಯೂಬಿನ ಒಳಗಿನ ನೀರು ಕೆಳಗೆ ಇಳಿಯುತ್ತದೆ. ಎಲ್ಲ ಖಾಲಿಯಾದ ಮೇಲೆ ಗಾಳಿ ತಳದಿಂದ ಗುಳ್ಳೆಯಾಗಿ ಹೊರಗೆ ಹೋಗುತ್ತದೆ, ಗೇಜ್ ಅಲ್ಲಿಂದ ಮುಂದೆ ಏರುವುದಿಲ್ಲ. ಅದು 2.2ಕ್ಕೆ ನಿಂತರೆ ಟ್ಯೂಬಿನ ತಳದ ಮೇಲೆ 22 ಮೀಟರ್ ನೀರಿದೆ. 60ರಲ್ಲಿ 22 ಕಳೆದರೆ 38. ನೆಲದಿಂದ 38 ಮೀಟರ್ ಕೆಳಗೆ ನೀರು. ಚಿಕ್ಕಪ್ಪನಿಗೆ ಇದು ಬಹಳ ಹಿಡಿಸಿತು. ತಾನು ಹೇಳಿದ ಟ್ಯೂಬಿನ ಉಪಾಯವನ್ನೇ ಇವನು ಕದ್ದ ಎಂದು ಈಗಲೂ ಹೇಳುತ್ತಾರೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಅವರೇ ಗಾಳಿ ಹೊಡೆದು ಕ್ಯಾಲೆಂಡರಿನ ಮೇಲೆ ಬರೆಯುತ್ತಾರೆ.

ಊಟಕ್ಕೆ ಕೂತಾಗ 2018ರ ಆಗಸ್ಟ್‌ನ ಗುಡ್ಡ ಕುಸಿತದ ಮಾತು ಬಂತು. ನಮ್ಮ ಕಡೆ ಮಾತು ಎಲ್ಲಿ ಶುರುವಾದರೂ ಅಲ್ಲಿಗೆ ಬರುತ್ತದೆ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ. ಗುಡ್ಡ ಕುಸಿದದ್ದೂ ಪ್ರೆಷರಿನ ಕಥೆಯೇ ಮೇಡಂ ಎಂದ ಹುಡುಗ. ಮಣ್ಣಿನ ಕಣಗಳು ಒಂದಕ್ಕೊಂದು ಒತ್ತಿ ಹಿಡಿದುಕೊಂಡು ಇಳಿಜಾರಿನಲ್ಲಿ ನಿಂತಿರುತ್ತವೆ. ಮಳೆ ನೀರು ಇಂಗಿ ಸಂದಿಗಳಲ್ಲಿ ತುಂಬಿಕೊಂಡು ಅದರ ಒತ್ತಡ ಏರಿದರೆ, ಕಣಗಳ ನಡುವಿನ ಹಿಡಿತ ಅಷ್ಟು ಕಡಿಮೆಯಾಗುತ್ತದೆ. ಆ ಒತ್ತಡ ಅಳೆಯಲು ಗುಡ್ಡಕ್ಕೆ ತೂತು ಕೊರೆದು ಪೀಜೋಮೀಟರ್ ಹೂಳುತ್ತಾರೆ. ಅದರಲ್ಲಿ ಒಂದು ಜಾತಿಯಲ್ಲಿ ಬಿಗಿದ ಸಣ್ಣ ಉಕ್ಕಿನ ತಂತಿ ಇರುತ್ತದೆ. ಪೊರೆ ಬಾಗಿದಂತೆ ತಂತಿಯ ಬಿಗಿ ಬದಲಾಗುತ್ತದೆ. ಮೇಲಿನಿಂದ ಕಾಯಿಲಿನಲ್ಲಿ ಕರೆಂಟ್ ಬಿಟ್ಟು ಮೀಟಿದರೆ ಅದು ಮಿಡಿಯುತ್ತದೆ, ಸೆಕೆಂಡಿಗೆ ಎಷ್ಟು ಸಲ ಎಂದು ಎಣಿಸಿದರೆ ಒತ್ತಡ ಸಿಗುತ್ತದೆ. ಎಣಿಕೆಯಾದ್ದರಿಂದ ಕೇಬಲ್ ಎಷ್ಟು ಉದ್ದ ಇದ್ದರೂ, ಸ್ವಲ್ಪ ತೇವ ಹೊಕ್ಕರೂ ಲೆಕ್ಕ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಒಮ್ಮೆ ಹೂತರೆ ತೆಗೆಯುವಂತಿಲ್ಲ. ಅದಕ್ಕೇ ಅಂಥ ಗಟ್ಟಿ ಜಾತಿ ಬೇಕು. ನಮ್ಮ ಬಾಣೆಗೂ ಒಂದು ಹಾಕಬಹುದಾ ಎಂದು ಚಿಕ್ಕಪ್ಪ ಕೇಳಿದರು. ಹಾಕಬಹುದು, ಆದರೆ ಒಂದು ತೂತು ಕೊರೆದು ಇಡೀ ಗುಡ್ಡದ ವಿಷಯ ಹೇಳಲು ಆಗುವುದಿಲ್ಲ, ಎಲ್ಲಿ ಕೊರೆಯಬೇಕು ಎನ್ನುವುದೇ ಭೂವಿಜ್ಞಾನಿಗಳ ಕೆಲಸ ಎಂದ. ಅಷ್ಟು ನೇರವಾಗಿ ಹೇಳಿದ್ದು ನನಗೆ ಸರಿ ಕಂಡಿತು. ಮಾರಲು ಬಂದವರು ಸಾಮಾನ್ಯ ಹೀಗೆ ಹೇಳುವುದಿಲ್ಲ.

ಈಗ ಮನೆಯಲ್ಲಿ ಒಂದು ಜಗಳ ನಡೆಯುತ್ತಿದೆ. ಮೇಲಿನ ಪ್ರೆಷರ್ ಒಂದೂವರೆಗಿಂತ ಕೆಳಗೆ ಇಳಿದರೆ ಪಂಪ್ ತಾನೇ ನಿಲ್ಲುವ ಹಾಗೆ ಮಾಡೋಣ ಎಂಬುದು ನನ್ನ ಆಸೆ. ರಿಸೀವರ್ ಡಬ್ಬಿಯಲ್ಲಿ ರಿಲೇ (ತಾನೇ ಆನ್ ಆಫ್ ಆಗುವ ಸ್ವಿಚ್) ಇದೆ, ಸ್ಟಾರ್ಟರಿಗೆ ಎರಡು ತಂತಿ ಕೊಟ್ಟರೆ ಸಾಕು. ಪಂಪ್ ಅಣ್ಣ ಬೇಡ ಎನ್ನುತ್ತಾರೆ. "ಶುರುವಿನಲ್ಲಿ ಪೈಪ್ ತುಂಬೋವರೆಗೆ ಮೇಲೆ ಸೊನ್ನೆಯೇ ಇರುತ್ತೆ ಅಕ್ಕ. ಅದು ಹೊರಡೋಕೇ ಬಿಡಲ್ಲ." ಅದು ನಿಜ. ಮಳೆ ಹನಿದು ರೇಡಿಯೋ ಮಾತು ತಪ್ಪಿದರೂ ಪಂಪ್ ನಿಂತರೆ, ಕರೆಂಟ್ ಇರುವ ಆ ಸ್ವಲ್ಪ ಹೊತ್ತೂ ಹಾಳು. ಪೈಪ್ ತುಂಬಲು ಕಾಲು ಗಂಟೆ ಬಿಡೋಣ, ಆಮೇಲೆ ಐದು ನಿಮಿಷ ಬಿಡದೆ ಪ್ರೆಷರ್ ಕಡಿಮೆ ಇದ್ದರೆ ಮಾತ್ರ ನಿಲ್ಲಲಿ, ಸಂಖ್ಯೆಯೇ ಬಾರದಿದ್ದರೆ ನಿಲ್ಲದೆ ಬರೀ ಬಜರ್ ಹೊಡೆಯಲಿ ಎಂದು ನಾನು ಹೇಳಿದ್ದೇನೆ. ಬಜರ್ ಬೇಡ, ಆನೆ ಎದುರಿಗೆ ಇರುವಾಗ ಬಜರ್ ಹೊಡೆದರೆ ಏನು ಗತಿ ಎಂದು ಅಣ್ಣ ಕೇಳುತ್ತಾರೆ. ಸದ್ಯಕ್ಕೆ ಕೆಂಪು ಬಲ್ಬ್ ಹಾಕುವುದೆಂದು ಒಪ್ಪಂದವಾಗಿದೆ. ಬ್ಯಾಕಿಂಗ್ ನೀರು ಮುಗಿದ ಮೇಲೆ ರಿಲೇ ವಿಷಯ ನೋಡೋಣ.